ಮೆಡಿಕಲ್ ಶಾಪಿನ ಕೌಂಟರ್ ಮೇಲೆ ರೋಬೋ

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನನ್ನ ಅಂಗಡಿಗೆ ಯಾರೂ ಬರುವುದಿಲ್ಲ. ಬೀದರ್‌ನ ಚೌಬಾರಾದಿಂದ ಸ್ವಲ್ಪ ಒಳಗಿರುವ ಸಣ್ಣ ಮೆಡಿಕಲ್ ಶಾಪ್ ಅದು. ಮೊದಲೆಲ್ಲ ಆ ಹೊತ್ತಿಗೆ ಮೊಬೈಲ್ ಹಿಡಿದು ತೂಕಡಿಸುತ್ತಿದ್ದೆ. ಈಗ ನಾಲ್ಕು ವರ್ಷದಿಂದ ಪ್ಲಾಸ್ಟಿಕ್ ರೋಬೋ ಜೋಡಿಸುತ್ತೇನೆ. "ಇಷ್ಟ್ ದೊಡ್ಡಂವ ಆಗಿ ಗೊಂಬಿ ಆಡ್ಲತ್ತಾನ" ಅಂತ ಅವ್ವ ಬಂದವರಿಗೆಲ್ಲ ಹೇಳುತ್ತಾಳೆ. ತಪ್ಪೇನಿಲ್ಲ, ನಿಜವೇ.

ಶುರುವಾದದ್ದು ಹೈದರಾಬಾದ್‌ನಿಂದ. ಅಲ್ಲಿ ಓದುವ ಅಕ್ಕನ ಮಗ ರಜೆಗೆ ಬಂದಾಗ ಒಂದು ಪುಟ್ಟ ಡಬ್ಬ ತಂದಿದ್ದ. ಒಳಗೆ ಬಿಳಿ, ನೀಲಿ, ಕೆಂಪು, ಹಳದಿ ಪ್ಲಾಸ್ಟಿಕ್ ಚೌಕಟ್ಟುಗಳು. ಒಂದೊಂದರಲ್ಲೂ ಸಣ್ಣ ಸಣ್ಣ ಭಾಗಗಳು ಹಣ್ಣಿನ ಹಾಗೆ ತೊಟ್ಟಿಗೆ ನೇತಾಡುತ್ತಿದ್ದವು. ಆ ಚೌಕಟ್ಟಿಗೆ ರನ್ನರ್ ಅನ್ನುತ್ತಾರೆ, ತೊಟ್ಟಿಗೆ ಗೇಟ್. ಅದು ಗುಂಡಮ್ ಅನ್ನುವ ಜಪಾನಿ ಟಿವಿ ಸರಣಿಯ ರೋಬೋ, ಹೊಸಬರಿಗಾಗಿ ಮಾಡಿದ ಎಂಟ್ರಿ ಗ್ರೇಡ್ ಕಿಟ್. ಕತ್ತರಿ ಬೇಡ, ಅಂಟು ಬೇಡ, ಕೈಯಲ್ಲೇ ಮುರಿದು ಒತ್ತಿದರೆ ಕೂರುತ್ತದೆ. ಒಂದೂವರೆ ಗಂಟೆಯಲ್ಲಿ ಮುಗಿಸಿದೆವು. ಹುಡುಗ ಅದನ್ನು ಮರೆತು ಕ್ರಿಕೆಟ್‌ಗೆ ಹೋದ. ನಾನು ರಾತ್ರಿ ಎದ್ದು ಇನ್ನೊಮ್ಮೆ ನೋಡಿದೆ.

ಆಮೇಲೆ ಓದಿ ತಿಳಿದುಕೊಂಡೆ. ಆ ಸರಣಿ ಬಂದದ್ದು 1979ರಲ್ಲಿ. ಬಂಡಾಯ್ ಕಂಪನಿ ಮೊದಲ ಕಿಟ್ ಬಿಟ್ಟದ್ದು 1980ರ ಜುಲೈಯಲ್ಲಿ, ಬೆಲೆ 300 ಯೆನ್. ಕಥೆಯಲ್ಲಿ ಆ ರೋಬೋ 18 ಮೀಟರ್ ಎತ್ತರ. ಅದನ್ನು 144 ಪಾಲು ಚಿಕ್ಕದು ಮಾಡಿದರೆ ಹನ್ನೆರಡೂವರೆ ಸೆಂಟಿಮೀಟರ್, ಕೆಮ್ಮಿನ ಸಿರಪ್ ಬಾಟಲಿಯಷ್ಟು. ಎಚ್‌ಜಿ, ಅಂದರೆ ಹೈ ಗ್ರೇಡ್, ಅನ್ನುವ ಕಿಟ್‌ಗಳು ಸಾಮಾನ್ಯವಾಗಿ ಈ ಅಳತೆ. ಎಂಜಿ, ಅಂದರೆ ಮಾಸ್ಟರ್ ಗ್ರೇಡ್, ನೂರು ಪಾಲು ಚಿಕ್ಕದು, 1995ರಿಂದ ಬರುತ್ತಿದೆ, ಹೆಚ್ಚಿನವಕ್ಕೆ ಒಳಗೆ ಅಸ್ಥಿಪಂಜರವೂ ಇರುತ್ತದೆ. ನಾನು ಸರಣಿಯನ್ನು ಇವತ್ತಿಗೂ ನೋಡಿಲ್ಲ. ನೋಡಲೇಬೇಕು ಅಂತೇನೂ ಇಲ್ಲ ಬಿಡಿ.

ನನಗೊಂದು ಅನುಕೂಲ ಇತ್ತು. ಈ ಹವ್ಯಾಸಕ್ಕೆ ಬೇಕಾದ ಅರ್ಧ ಸಾಮಾನು ನನ್ನ ಅಂಗಡಿಯಲ್ಲೇ ಇತ್ತು. ಹವ್ಯಾಸಿಗಳು ದುಬಾರಿ ಚಾಕು ತರಿಸುತ್ತಾರೆ. ನಾನು 3ನೇ ನಂಬರಿನ ಸ್ಕಾಲ್ಪೆಲ್ ಹಿಡಿಗೆ 11ನೇ ನಂಬರಿನ ಬ್ಲೇಡ್ ಹಾಕಿದೆ. ಮೊನಚು ತುದಿ, ನೇರ ಅಂಚು. ಕಿಟ್‌ಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಸ್ಟಿಕ್ಕರ್ ಹಿಡಿಯಲು ಚಿಮಟ, ಒರೆಸಲು ಹತ್ತಿ ಕಡ್ಡಿ ಮತ್ತು ಸ್ಪಿರಿಟ್, ಹನಿ ಹಾಕಲು ಸಿರಿಂಜ್. ಕೊಂಡುಕೊಂಡದ್ದು ಒಂದು ಒಳ್ಳೆಯ ನಿಪ್ಪರ್ ಮಾತ್ರ, ಗೇಟ್ ಕತ್ತರಿಸುವ ಸಣ್ಣ ಇಕ್ಕುಳ. ಅದರಲ್ಲಿ ಜಿಪುಣತನ ಮಾಡಬೇಡಿ. ಎಲೆಕ್ಟ್ರಿಷಿಯನ್‌ಗಳ ಕಟರ್‌ನಿಂದ ಶುರು ಮಾಡಿ ನಾನು ಒಂದು ಕಿಟ್ ಪೂರ್ತಿ ಹಾಳು ಮಾಡಿದೆ. ಅದು ಕತ್ತರಿಸುವುದಿಲ್ಲ, ಹಿಸುಕುತ್ತದೆ.

ಹಿಸುಕಿದ ಕಡೆ ಏನಾಗುತ್ತದೆ ಅಂದರೆ, ಬಿಳಿ ಕಲೆ ಬೀಳುತ್ತದೆ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಅದನ್ನು ಎಳೆದರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಹುಟ್ಟುತ್ತವೆ, ಬೆಳಕು ಅಲ್ಲಿ ಚೆದುರಿ ಬಿಳಿ ಕಾಣುತ್ತದೆ. ಬಿಳಿ ಭಾಗದಲ್ಲಿ ಗೊತ್ತಾಗುವುದಿಲ್ಲ. ಕಡು ನೀಲಿಯಲ್ಲಿ ತೊನ್ನು ಬಂದ ಹಾಗೆ ಎದ್ದು ಕಾಣುತ್ತದೆ. ಅದಕ್ಕೇ ಎರಡು ಸಲ ಕತ್ತರಿಸಬೇಕು. ಮೊದಲ ಸಲ ಭಾಗದಿಂದ ದೂರದಲ್ಲಿ, ಗೇಟ್ ಉಳಿಯುವ ಹಾಗೆ. ಭಾಗ ಕೈಗೆ ಬಂದ ಮೇಲೆ ಎರಡನೇ ಸಲ, ಕೂದಲೆಳೆ ಬಿಟ್ಟು. ಉಳಿದ ಆ ಎಳೆಯನ್ನು ಬ್ಲೇಡ್‌ನಿಂದ ಸೌತೆಕಾಯಿ ಸಿಪ್ಪೆ ತೆಗೆದ ಹಾಗೆ ತೆಳ್ಳಗೆ ಸವರುವುದು. ಆಮೇಲೆ ಪಾಲಿಶ್ ಕಾಗದ, 400, 600, 800, 1000, ಈ ಕ್ರಮದಲ್ಲಿ; ನಂಬರ್ ಏರಿದಷ್ಟೂ ಕಾಗದ ನಯ. 400ರಿಂದ ನೇರ 1000ಕ್ಕೆ ಹಾರಿದರೆ ಗೀರು ಹೋಗುವುದಿಲ್ಲ, ಹೊಳಪಿನ ಕೆಳಗೆ ಅಡಗಿ ಕೂರುತ್ತದೆ. ಕೊನೆಗೆ ಬಳೆ ಅಂಗಡಿಯಲ್ಲಿ ಸಿಗುವ ಉಗುರು ಉಜ್ಜುವ ಪಟ್ಟಿ. ಆ ಅಂಗಡಿಯ ಅಕ್ಕ ನನ್ನನ್ನು ಮೊದಲ ಸಲ ನೋಡಿದ ನೋಟ ಇನ್ನೂ ನೆನಪಿದೆ.

ಒಂದು ಎಚ್‌ಜಿಗೆ ನೂರರ ಮೇಲೆ ಭಾಗ. ಪ್ರತಿಯೊಂದಕ್ಕೂ ಎರಡು ಮೂರು ಗೇಟ್. ಲೆಕ್ಕ ಹಾಕಿ. ಬೇಸರವಾಗುವುದಿಲ್ವಾ ಅಂತ ಹೆಂಡತಿ ಕೇಳುತ್ತಾಳೆ. ಮಾತ್ರೆ ಎಣಿಸಿ ಕೊಡುವ ಕೆಲಸದವನಿಗೆ ಇದೊಂದು ಬೇಸರವೇ?

ಫ್ಯಾನ್ ಆಫ್ ಮಾಡಿ ಕೂರಿ. ಹಣೆಯ ಮೇಲಿನ ಹಳದಿ ಕೋಡು ಒಂದು ದಿನ ಹಾರಿ ಶಹಾಬಾದ್ ಕಲ್ಲಿನ ನೆಲಕ್ಕೆ ಬಿತ್ತು. ಎರಡು ದಿನ ಹುಡುಕಿದೆ. ಮೂರನೇ ದಿನ ಕಸದ ಮೊರದಲ್ಲಿ ಸಿಕ್ಕಿತು. ಅಂದಿನಿಂದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಅದರ ತುದಿಯನ್ನು ಮಡಿಲಿಗೆ ಸಿಕ್ಕಿಸಿಕೊಳ್ಳುತ್ತೇನೆ.

ಕಿಟ್ ಜೋಡಿಸಿದ ಹಾಗೇ ಬಿಟ್ಟರೆ ಆಟಿಕೆ. ಅದನ್ನು ಯಂತ್ರ ಅನ್ನಿಸುವ ಹಾಗೆ ಮಾಡುವುದು ಗೆರೆ. ಮೈಮೇಲೆ ಸಣ್ಣ ಕಾಲುವೆಗಳಿರುತ್ತವೆ, ತಗಡು ತಗಡು ಸೇರಿದ ಜಾಗದ ಹಾಗೆ. ಅವಕ್ಕೆ ಕಪ್ಪು ಬಣ್ಣ ತುಂಬುವುದಕ್ಕೆ ಪ್ಯಾನಲ್ ಲೈನ್ ಅನ್ನುತ್ತಾರೆ. ನಾನು ಎನಾಮಲ್ ಬಗೆಯ ತೆಳು ಬಣ್ಣ ತರಿಸಿದೆ. ಕುಂಚದ ತುದಿ ತಾಗಿಸಿದರೆ ಸಾಕು, ಬಣ್ಣ ಕಾಲುವೆಯಲ್ಲಿ ತಾನೇ ಓಡುತ್ತದೆ. ಎಷ್ಟು ಚೆಂದ ಓಡಿತು ಅಂದರೆ, ನಾನು ಜೋಡಿಸಿಟ್ಟ ಸೊಂಟಕ್ಕೂ ಕಾಲಿಗೂ ಧಾರಾಳವಾಗಿ ಹಾಕಿದೆ. ಬೆಳಿಗ್ಗೆ ನೋಡಿದರೆ ಒಂದು ತೊಡೆ ಸೀಳಿತ್ತು. ಮುಟ್ಟಿದ ಕೂಡಲೇ ಎರಡು ತುಂಡು.

ತಪ್ಪು ಬಣ್ಣದ್ದಲ್ಲ, ನನ್ನದು. ಬಿಗಿಯಾಗಿ ಒತ್ತಿ ಕೂರಿಸಿದ ಭಾಗದಲ್ಲಿ ಪ್ಲಾಸ್ಟಿಕ್ ಮೊದಲೇ ಎಳೆದುಕೊಂಡಿರುತ್ತದೆ. ಎನಾಮಲ್‌ನ ತಿನ್ನರ್ ಆ ಸಂದಿಗೆ ಇಳಿದು ನಿಂತರೆ ಅಲ್ಲೇ ಬಿರುಕು ಬಿಡುತ್ತದೆ. ಬಿಡಿ ಭಾಗಕ್ಕೆ ಹಾಕಿ, ಚೆನ್ನಾಗಿ ಒಣಗಿಸಿ, ಆಮೇಲೆ ಜೋಡಿಸಬೇಕಿತ್ತು. ಕೆಳಗೊಂದು ಹೊಳಪಿನ ಪಾರದರ್ಶಕ ಕೋಟ್ ಕೊಟ್ಟಿದ್ದರೆ ಇನ್ನೂ ಭದ್ರ. ಕರಗಿಸಿ ಅಂಟಿಸುವ ಪ್ಲಾಸ್ಟಿಕ್ ಸಿಮೆಂಟ್ ಹಾಕಿ ತೊಡೆಯನ್ನು ಕೂಡಿಸಿದೆ, ಒಂದು ದಿನ ಪೂರ್ತಿ ಕ್ಲಿಪ್ಪಿನಲ್ಲಿ ಹಿಡಿದು, ಉಬ್ಬಿದ್ದನ್ನು ಉಜ್ಜಿದೆ. ಈಗಲೂ ಆ ರೋಬೋ ಸ್ವಲ್ಪ ಕುಂಟುತ್ತದೆ.

ಅದೇ ಹೊತ್ತಿಗೆ ನನಗೊಬ್ಬ ಗುರು ಸಿಕ್ಕಿದರು. ನಮ್ಮ ಓಣಿಯಲ್ಲಿ ಬಿದ್ರಿ ಕೆಲಸ ಮಾಡುವ ಚಾಚಾ. ಬಿಪಿ ಮಾತ್ರೆಗೆ ಬಂದವರು ಕೌಂಟರ್ ಮೇಲಿನ ಬಿಳಿ ರೋಬೋ ಎತ್ತಿ ಕನ್ನಡಕದ ಕೆಳಗೆ ಹಿಡಿದರು. "ಗೆರಿ ಜೋರಾಗ್ಯಾದ ಬೇಟಾ. ಎಲ್ಲಾ ಕಡಿ ಒಂದೇ ಕಪ್ಪು ಹಾಕೀದಿ" ಅಂದರು. ನನಗೆ ಸಿಟ್ಟು ಬಂತು. ಮರುದಿನ ಅವರ ಕಾರ್ಖಾನೆಗೇ ಹೋದೆ. ಕಾರ್ಖಾನೆ ಅಂದರೆ ಒಂದು ಕೋಣೆ, ಮೂರು ಜನ.

ಬಿದ್ರಿಯ ಮೈ ಸತುವಿನದು, ಜೊತೆಗೆ ಸ್ವಲ್ಪ ತಾಮ್ರ. ಎರಕ ಹೊಯ್ದು ನಯ ಮಾಡಿದ ಮೇಲೆ ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ಹೊಳೆಯುವ ಲೋಹ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಉಳಿಯಿಂದ ಚಿತ್ತಾರ ಕೊರೆದರೆ ಗೆರೆ ಬೆಳ್ಳಗೆ ಕಾಣುತ್ತದೆ, ಕೈ ತಪ್ಪುವುದಿಲ್ಲ. ಕೊರೆದ ಕಾಲುವೆಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ಉಜ್ಜಿ, ಕೊನೆಗೆ ಕೋಟೆಯ ಹಳೆ ಮಣ್ಣು ಮತ್ತು ನವಸಾಗರ ಕಲಸಿ ಬಿಸಿ ಮಾಡಿ ಹಚ್ಚುತ್ತಾರೆ. ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ಇದೆಲ್ಲ ನಮ್ಮ ಊರಿನವರಿಗೆ ಶಾಲೆಯ ಪಾಠದಷ್ಟು ಹಳೆಯ ವಿಷಯ. ಆದರೆ ಅಷ್ಟು ಹತ್ತಿರ ಕೂತು ನೋಡಿದ್ದು ಅವತ್ತೇ.

ನೋಡಿ ಬಂದು ಎರಡು ಬದಲಾವಣೆ ಮಾಡಿದೆ. ಒಂದು, ಬಿಳಿ ಭಾಗಕ್ಕೆ ಕಪ್ಪು ಹಾಕುವುದನ್ನು ಬಿಟ್ಟೆ. ಬಿಳಿಗೆ ಬೂದು, ಕೆಂಪು ಮತ್ತು ಹಳದಿಗೆ ಕಂದು, ನೀಲಿ ಮತ್ತು ಬೂದಿಗೆ ಮಾತ್ರ ಕಪ್ಪು. ಗುಂಡಮ್ ಮಾರ್ಕರ್ ಅನ್ನುವ ಪೆನ್ನಿನಲ್ಲಿ ಮೂರೂ ಬಣ್ಣ ಸಿಗುತ್ತವೆ. ಗೆರೆ ಎಳೆದು, ಹೊರಗೆ ಹೋದದ್ದನ್ನು ಸ್ಪಿರಿಟ್ ಹಚ್ಚಿದ ಹತ್ತಿ ಕಡ್ಡಿಯಿಂದ ಅಡ್ಡಡ್ಡ ಒರೆಸಬೇಕು. ಗೆರೆಯ ಉದ್ದಕ್ಕೆ ಒರೆಸಿದರೆ ಒಳಗಿನ ಬಣ್ಣವೂ ಎದ್ದು ಬರುತ್ತದೆ. ಎರಡು, ಎಲ್ಲಿ ಹೊಸ ಗೆರೆ ಕೊರೆಯಬೇಕೋ ಅಲ್ಲಿ ಮೊದಲು ಪೆನ್ಸಿಲ್ ಪುಡಿ ಸವರುತ್ತೇನೆ, ಮೈಲುತುತ್ತದ ಬದಲಿಗೆ. ಬೂದು ಮೈಮೇಲೆ ಹೊಸ ಗೀರು ಸ್ಪಷ್ಟ ಕಾಣುತ್ತದೆ. ಒಂದೇ ಸಲ ಆಳಕ್ಕೆ ಒತ್ತಬಾರದು. ಬರೀ ಕೈಭಾರದಲ್ಲಿ ಹತ್ತು ಹನ್ನೆರಡು ಸಲ ಎಳೆಯಬೇಕು. ಇದನ್ನು ಕಲಿಯಲು ಹಳೆಯ ರನ್ನರ್ ತುಂಡುಗಳು ಸಾಕು.

ಇನ್ನು ಹೊಳಪು. ಪ್ಲಾಸ್ಟಿಕ್ ಹೊಳೆಯುತ್ತಿದ್ದರೆ ಎಷ್ಟು ಗೆರೆ ಎಳೆದರೂ ಆಟಿಕೆಯೇ. ಹೊಳಪು ಅಡಗಿಸುವ ಸ್ಪ್ರೇ, ಮ್ಯಾಟ್ ಟಾಪ್ ಕೋಟ್, ಒಂದು ಸಲ ಬಿದ್ದರೆ ರೂಪವೇ ಬೇರೆ. ಆದರೆ ಈ ಸ್ಪ್ರೇಗೂ ನಮ್ಮ ಹವೆಗೂ ಕೂಡಿ ಬರುವುದು ಕಷ್ಟ. ಆಗಸ್ಟ್‌ನಲ್ಲಿ ಮಳೆ ನಿಂತ ಮೇಲೆ ಮಹಡಿಗೆ ಹೋಗಿ ಹೊಡೆದೆ. ಹತ್ತು ನಿಮಿಷದಲ್ಲಿ ಕಪ್ಪು ರೋಬೋ ವಿಭೂತಿ ಬಳಿದುಕೊಂಡಿತು. ಸ್ಪ್ರೇ ಆವಿಯಾಗುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಒಣ ದಿನ ನೋಡಿ ಇನ್ನೊಂದು ತೆಳು ಕೋಟ್ ಹೊಡೆದಾಗ ಬಹುಪಾಲು ಹೋಯಿತು. ಏಪ್ರಿಲ್‌ನಲ್ಲಿ ಇನ್ನೊಂದು ಪಾಠ. ನಲವತ್ತು ಡಿಗ್ರಿ ಬಿಸಿಲಿಗೆ ಹನಿಗಳು ದಾರಿಯಲ್ಲೇ ಒಣಗಿ ಮೈಮೇಲೆ ರವೆ ಉದುರಿದ ಹಾಗೆ ಆಯಿತು. ಈಗ ಟಾಪ್ ಕೋಟ್ ಕೆಲಸವೆಲ್ಲ ನವೆಂಬರ್‌ನಿಂದ ಫೆಬ್ರವರಿಗೆ. ಬೆಳಿಗ್ಗೆ ಹತ್ತರ ಮೇಲೆ, ಮಂಜು ಪೂರ್ತಿ ಹೋದ ಮೇಲೆ, ಮಾಸ್ಕ್ ಹಾಕಿಕೊಂಡು. ಅಲ್ಲಿಯವರೆಗೆ ಜೋಡಿಸಿದ್ದನ್ನೆಲ್ಲ ಓಆರ್‌ಎಸ್ ಡಬ್ಬಗಳಲ್ಲಿ ಕೂಡಿಡುತ್ತೇನೆ.

ಕೊನೆಯದು ನನ್ನ ಮೆಚ್ಚಿನದು, ಮಣ್ಣು. ಯುದ್ಧದ ಯಂತ್ರ ಶೋರೂಮಿನಿಂದ ಬಂದ ಹಾಗಿದ್ದರೆ ಹೇಗೆ? ಹವ್ಯಾಸಿಗಳು ಪಿಗ್ಮೆಂಟ್ ಪುಡಿ ಅಂತ ಸಣ್ಣ ಶೀಶೆಯನ್ನು ದುಡ್ಡು ಕೊಟ್ಟು ತರಿಸುತ್ತಾರೆ. ನಮ್ಮ ಊರೇ ಕೆಂಪು ಮುರಕಲ್ಲಿನ ಮೇಲೆ ಕೂತಿದೆ. ಅದರ ಕೆಂಪು ಕಬ್ಬಿಣದ ತುಕ್ಕಿನದು, ಬಿಸಿಲಿಗೆ ಮಾಸುವುದಿಲ್ಲ. ಪಕ್ಕದ ಮನೆಯ ಪಾಯ ಅಗೆಯುವಾಗ ಒಂದು ಮುಷ್ಟಿ ತಂದೆ. ಅವ್ವನ ಹಳೆ ಖಲಬತ್ತದಲ್ಲಿ ಕುಟ್ಟಿ, ಹಳೆ ಬನಿಯನ್ ಬಟ್ಟೆಯಲ್ಲಿ ಮೂರು ಸಲ ಸೋಸಿದೆ. ಮೂರು ಸಲ ಯಾಕೆ ಅಂದರೆ, ಒಂದು ಮಿಲಿಮೀಟರ್ ಹರಳು ಈ ಅಳತೆಯಲ್ಲಿ ಹದಿನಾಲ್ಕು ಸೆಂಟಿಮೀಟರ್ ಕಲ್ಲು. ರೋಬೋ ಪಾದಕ್ಕೆ ಇಟ್ಟಿಗೆ ಅಂಟಿದ ಹಾಗೆ ಕಾಣುತ್ತದೆ. ಪುಡಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾಗಬೇಕು.

ಮ್ಯಾಟ್ ಕೋಟ್ ಆದ ಒರಟು ಮೈಗೆ ಒಣ ಕುಂಚದಿಂದ ಪುಡಿ ತಟ್ಟಿ, ಸಿರಿಂಜ್‌ನಿಂದ ಒಂದೊಂದೇ ಹನಿ ಸ್ಪಿರಿಟ್ ಬಿಡುತ್ತೇನೆ. ಸ್ಪಿರಿಟ್ ಹರಡಿ ಪುಡಿಯನ್ನು ಸಂದಿಗೆ ಒಯ್ದು ಆರಿಹೋಗುತ್ತದೆ. ಮೇಲೆ ಇನ್ನೊಂದು ತೆಳು ಮ್ಯಾಟ್ ಕೋಟ್. ಅದು ಬಿದ್ದ ಕೂಡಲೇ ಅರ್ಧ ಮಣ್ಣು ಮಾಯವಾದ ಹಾಗೆ ಕಾಣುತ್ತದೆ, ಹಾಗಾಗಿ ಮೊದಲೇ ಸ್ವಲ್ಪ ಜಾಸ್ತಿ ಹಚ್ಚಬೇಕು.

ಹೋದ ಜನವರಿಯಲ್ಲಿ ಒಂದು ಹಸಿರು ಎಚ್‌ಜಿಗೆ ಹೀಗೆ ಮಾಡಿದೆ. ಪಾದ, ಮೀನಖಂಡ, ಮೊಣಕಾಲು, ಎಲ್ಲಕ್ಕೂ ಕೆಂಪು. ಕೊನೆಯ ಕೋಟ್‌ಗೆ ಮುಂಚೆ ಕೌಂಟರ್ ಮೇಲೆ ನಿಲ್ಲಿಸಿ ಚಾಚಾಗಾಗಿ ಕಾದೆ. ಬಂದರು. ಮಾತ್ರೆ ತೆಗೆದುಕೊಂಡರು. ರೋಬೋ ಎತ್ತಿ ಕಾಲು ತಿರುಗಿಸಿ ನೋಡಿದರು.

"ಮಣ್ಣು ನಮ್ಮೂರಿಂದೇ ಅದ. ಪಾದಕ್ಕ ಸರಿ. ಮೊಣಕಾಲಿಗಿ ಯಾಕ ಹಚ್ಚೀದಿ? ಇದು ಯಾವಾಗ ಮೊಣಕಾಲೂರಿ ಕುಂತಿತ್ತು?"

ಉತ್ತರ ಹೊಳೆಯಲಿಲ್ಲ. ಅವರು ಹೋದ ಮೇಲೆ ಹತ್ತಿ ಕಡ್ಡಿಯನ್ನು ನೀರಿಗೆ ಅದ್ದಿ ಬಲ ಮೊಣಕಾಲು ಒರೆಸಿದೆ. ಎಡದ್ದನ್ನು ಒರೆಸುವಷ್ಟರಲ್ಲಿ ಯಾರೋ ಪ್ಯಾರಾಸಿಟಮಾಲ್ ಕೇಳಿಕೊಂಡು ಬಂದರು.