ತೋಟದ ಸೆನ್ಸರ್‌ಗಳಿಗೆ ಆರ್‌ಪಿಎಲ್ ಹಾಕುವವರಿಗೆ

ಅಡಿಕೆ ತೋಟದಲ್ಲಿ ಬ್ಯಾಟರಿ ಸೆನ್ಸರ್ ಇಟ್ಟು ಆರ್‌ಪಿಎಲ್ ರೂಟಿಂಗ್ (ಕಡಿಮೆ ಶಕ್ತಿಯ ಸಾಧನಗಳ ಜಾಲದಲ್ಲಿ ಡೇಟಾಗೆ ದಾರಿ ಹುಡುಕುವ ಪ್ರೋಟೊಕಾಲ್) ಬಳಸುತ್ತಿದ್ದರೆ, ಬರೀ ಹಾಪ್ ಎಣಿಕೆ, ಅಂದರೆ ದಾರಿಯಲ್ಲಿ ಪ್ಯಾಕೆಟ್ ಎಷ್ಟು ಸಲ ಕೈ ಬದಲಿಸುತ್ತದೆ ಅನ್ನುವುದನ್ನು, ನೆಚ್ಚಿಕೊಳ್ಳಬೇಡಿ. ಹಾಪ್ ಕಡಿಮೆಯಾಗಲಿ ಅಂತ ನೋಡ್ (ಜಾಲದ ಒಂದೊಂದು ಸೆನ್ಸರ್ ಸಾಧನ) ದೂರದ ದುರ್ಬಲ ಲಿಂಕನ್ನೇ ಹಿಡಿದುಬಿಡುತ್ತದೆ. ನನಗೂ ಹೀಗೇ ಆಯ್ತು: ಮಳೆಗೆ ಸೋಗೆ ನೆನೆದ ದಿನ ಕೆರೆ ಪಕ್ಕದ ನೋಡ್ ಒಂದೇ ಪ್ಯಾಕೆಟ್ಟನ್ನು ನಾಲ್ಕೈದು ಸಲ ಕಳಿಸುತ್ತಾ ಬ್ಯಾಟರಿ ಖಾಲಿ ಮಾಡುತ್ತಿತ್ತು.

ಒಂದು ಪ್ಯಾಕೆಟ್ ತಲುಪಲು ಸರಾಸರಿ ಎಷ್ಟು ಸಲ ಕಳಿಸಬೇಕು ಅನ್ನುವ ಲೆಕ್ಕವೇ ಇಟಿಎಕ್ಸ್. ಅದನ್ನು ನೋಡಿ ದಾರಿ ಆರಿಸುವ ಎಂಆರ್‌ಎಚ್‌ಒಎಫ್ ಎಂಬ ಆರ್‌ಪಿಎಲ್ ವಿಧಾನಕ್ಕೆ ಬದಲಿಸಿದೆ. ನಡುವೆ ಒಂದು ಹಾಪ್ ಹೆಚ್ಚಾಯಿತು, ಆದರೆ ಮತ್ತೆ ಮತ್ತೆ ಕಳಿಸುವುದು ತಪ್ಪಿತು.

ಇನ್ನೊಂದು ಮಾತು. ಪೇರೆಂಟ್ (ನೋಡ್ ತನ್ನ ಪ್ಯಾಕೆಟ್ ಕೊಡುವ ಮುಂದಿನ ನೋಡ್) ಬದಲಿಸುವ ಮಿತಿ, ಎಂಆರ್‌ಎಚ್‌ಒಎಫ್‌ನ ಮಾನದಂಡ ದಾಖಲೆ ಆರ್‌ಎಫ್‌ಸಿ 6719ರ ಶಿಫಾರಸಿನಂತೆ, 192, ಅಂದರೆ 1.5 ಇಟಿಎಕ್ಸ್. ಅದನ್ನು ತೀರಾ ಇಳಿಸಬೇಡಿ. ಇಳಿಸಿದರೆ ನೋಡ್ ಪದೇ ಪದೇ ಪೇರೆಂಟ್ ಬದಲಿಸುತ್ತದೆ. ನಾನ್-ಸ್ಟೋರಿಂಗ್ ಮೋಡ್‌ನಲ್ಲಿ (ದಾರಿಗಳ ಪಟ್ಟಿ ರೂಟ್‌ನಲ್ಲಿ, ಅಂದರೆ ಜಾಲದ ತುದಿಯ ಮುಖ್ಯ ನೋಡ್‌ನಲ್ಲಿ ಮಾತ್ರ ಇರುವಾಗ) ಹಾಗೆ ಬದಲಿಸಿದಾಗಲೆಲ್ಲ, ತನ್ನ ಪೇರೆಂಟ್ ಯಾರೆಂದು ತಿಳಿಸುವ ಹೊಸ ಡಿಎಒ ಸಂದೇಶ ರೂಟ್‌ವರೆಗೂ ಹೋಗಬೇಕು.