ಹಳ್ಳಿಯ ಗೋಥಿಕ್ ಇಗರ್ಜಿಯನ್ನು ಓದುವುದು ಹೇಗೆ?

ಕಾಸರಗೋಡಿನ ಕಡೆಯ ಹಲವು ಮನೆಗಳ ಮಕ್ಕಳು ಈಗ ಓದಿಗೋ ಉದ್ಯೋಗಕ್ಕೋ ಇಂಗ್ಲೆಂಡಿನಲ್ಲಿದ್ದಾರೆ. ಅವರನ್ನು ಕಾಣಲು ಹೋದ ಹಿರಿಯರಿಗೆ ರಜಾದಿನದಲ್ಲಿ ಯಾವುದಾದರೊಂದು ಹಳ್ಳಿಯ ಹಳೆಯ ಇಗರ್ಜಿಯ ದರ್ಶನವಾಗುವುದುಂಟು. ಬಾಗಿಲ ಬಳಿಯ ಫಲಕದಲ್ಲಿ ‘ಹದಿಮೂರನೆಯ ಶತಮಾನ’ ಎಂದಿರುತ್ತದೆ; ಅದನ್ನು ನಂಬಿ ಒಳಗೆ ಒಂದು ಸುತ್ತು ಬಂದರೆ ನೋಡಿದ ಹಾಗಾಯಿತು ಎಂದುಕೊಳ್ಳುತ್ತೇವೆ. ಆದರೆ ಆ ಫಲಕವನ್ನು ಕೊನೆಗೆ ಓದುವುದೇ ಸರಿ. ಏಕೆಂದರೆ ಮಧ್ಯಯುಗದ ಹಳ್ಳಿಯ ಇಗರ್ಜಿಗೆ ಒಂದೇ ವಯಸ್ಸು ಎಂಬುದಿಲ್ಲ. ಗೋಡೆಗೊಂದು, ಕಿಟಕಿಗೊಂದು, ಮಾಡಿಗೊಂದು, ಗಂಟೆಗೋಪುರಕ್ಕೆ ಇನ್ನೊಂದು.

ಹೊರಡುವ ಮೊದಲು ಊರಿನಲ್ಲೇ ಕಣ್ಣನ್ನು ಪಳಗಿಸಿಕೊಳ್ಳಬಹುದು. ನೀರ್ಚಾಲಿನ ಹತ್ತಿರದ ಬೇಳದಲ್ಲಿ 1890ರಲ್ಲಿ ಸ್ಥಾಪನೆಯಾದ ಶೋಕಮಾತೆಯ ಇಗರ್ಜಿ ಗೋಥಿಕ್ ಶೈಲಿಗೆ, ಅಂದರೆ ಮಧ್ಯಯುಗದ ಯುರೋಪಿನಲ್ಲಿ ಬೆಳೆದ ಚೂಪು ಕಮಾನುಗಳ ಶೈಲಿಗೆ, ಹೆಸರಾದದ್ದು. ಬಲಿಪೂಜೆಯಿಲ್ಲದ ಹೊತ್ತಿನಲ್ಲಿ, ಧರ್ಮಗುರುಗಳ ಅನುಮತಿ ಪಡೆದು, ಅಲ್ಲಿನ ಕಮಾನುಗಳನ್ನೂ ಕಿಟಕಿಗಳನ್ನೂ ನಿಧಾನವಾಗಿ ನೋಡಬೇಕು. ಆ ಕಾಲದ ಇಗರ್ಜಿಗಳು ಮಧ್ಯಯುಗದವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗೋಥಿಕ್ ಶೈಲಿ ಮತ್ತೆ ಚಾಲ್ತಿಗೆ ಬಂದಾಗ ಸಾಮಾನ್ಯವಾಗಿ ಒಂದೇ ನಕ್ಷೆಯಂತೆ ಎದ್ದವು. ಎಡಕ್ಕಿರುವುದೇ ಬಲಕ್ಕೂ ಇರುವ ಆ ಅಚ್ಚುಕಟ್ಟನ್ನು ನೆನಪಿಟ್ಟುಕೊಂಡರೆ, ಇಂಗ್ಲೆಂಡಿನ ಹಳ್ಳಿಯಲ್ಲಿ ಕಾಣುವ ಹೊಂದಾಣಿಕೆಯಿಲ್ಲದ ಕಿಟಕಿಗಳೂ ಮಧ್ಯಕ್ಕೆ ಬಾರದ ಕಮಾನುಗಳೂ ತಮ್ಮ ಚರಿತ್ರೆಯನ್ನು ತಾವೇ ಹೇಳತೊಡಗುತ್ತವೆ. ಕಲ್ಲಿನ ವಿಚಾರವನ್ನೂ ಗಮನಿಸಬೇಕು. ನಮ್ಮ ಮುರಕಲ್ಲು ತೂತುತೂತಾದದ್ದು, ಸೂಕ್ಷ್ಮ ಕೆತ್ತನೆಗೆ ಒಗ್ಗದೆ ಗಾರೆಯನ್ನು ಬೇಡುವಂಥದ್ದು. ಅಲ್ಲಿನ ಸುಣ್ಣಕಲ್ಲಿನ ಪ್ರದೇಶಗಳಲ್ಲಾದರೋ ಕಿಟಕಿಯ ತಲೆಯಲ್ಲಿ ಬಳ್ಳಿಯಂತೆ ಬಾಗುವ ಕಲ್ಲಿನ ಕಡ್ಡಿಗಳನ್ನು ಬಿಡಿಸುವುದು ಸಾಧ್ಯವಾಯಿತು.

ಗೋಥಿಕ್‌ನ ಮೂಲಸೂತ್ರ ಚೂಪು ಕಮಾನು. ಅರ್ಧವೃತ್ತದ ಕಮಾನಿನ ಎತ್ತರವನ್ನು ಅದರ ಅಗಲವೇ ನಿರ್ಧರಿಸುತ್ತದೆ. ಚೂಪು ಕಮಾನನ್ನು ಅದೇ ಅಗಲದಲ್ಲಿ ಬೇಕಾದಷ್ಟು ಎತ್ತರಿಸಬಹುದು, ಅದು ಗೋಡೆಯನ್ನು ಹೊರಕ್ಕೆ ತಳ್ಳುವ ಬಲವೂ ಕಡಿಮೆ. ಉಳಿದ ತಳ್ಳುವಿಕೆಯನ್ನು ಹೊರಗಿನ ಊರೆಗೋಡೆಗಳು ತಡೆಯುವುದರಿಂದ ನಡುವಿನ ಗೋಡೆಯನ್ನು ಕಿಟಕಿಗೆ ಬಿಟ್ಟುಕೊಡಲು ಬಂತು. ಪ್ಯಾರಿಸ್ ಬಳಿಯ ಸಾಂ ದನಿಯಲ್ಲಿ ಮಠಾಧಿಪತಿ ಸೂಜೆ ಕಟ್ಟಿಸಿ 1144ರಲ್ಲಿ ಪ್ರತಿಷ್ಠೆಗೊಂಡ ಪೂರ್ವಭಾಗವನ್ನು ಈ ಶೈಲಿಯ ಆರಂಭವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆದರೆ ಚಿತ್ರಗಳಲ್ಲಿ ಕಾಣುವ ‘ಹಾರುವ’ ಊರೆಗೋಡೆಗಳನ್ನೂ (ದೂರದಿಂದ ಕಮಾನು ಚಾಚಿ ಗೋಡೆಗೆ ಆಸರೆ ಕೊಡುವವು) ಕಲ್ಲಿನ ಚಾವಣಿಯನ್ನೂ ಹಳ್ಳಿಯಲ್ಲಿ ಹುಡುಕಬೇಡಿ. ಅವು ದೊಡ್ಡ ಕ್ಯಾಥೆಡ್ರಲ್‌ಗಳ ವೈಭವ. ಹಳ್ಳಿಯವರು ಬಹುಪಾಲು ಮರದ ಮಾಡಿನಲ್ಲೇ ತೃಪ್ತರಾದರು.

ಸ್ಥಳಕ್ಕೆ ಹೋದಾಗ ಒಳಗೆ ನುಗ್ಗದೆ ಮೊದಲು ಹೊರಗಿನಿಂದ ಒಂದು ಪ್ರದಕ್ಷಿಣೆ ಹಾಕಿರಿ. ಬಲಿಪೀಠ ಪೂರ್ವಕ್ಕೆ, ಗಂಟೆಗೋಪುರ ಹೆಚ್ಚಾಗಿ ಪಶ್ಚಿಮಕ್ಕೆ, ಪ್ರವೇಶ ಸಾಮಾನ್ಯವಾಗಿ ದಕ್ಷಿಣದ ಮಂಟಪದಿಂದ. ಗೋಪುರದ ಪೂರ್ವಮುಖವನ್ನು ಮಾಡಿನ ಮೇಲ್ಗಡೆ ನೋಡಿದರೆ ಕೆಲವು ಕಡೆ ಕಡಿದಾದ ಇಳಿಜಾರಿನ ಗೆರೆ ಕಾಣುತ್ತದೆ. ಅದು ಹಳೆಯ ಎತ್ತರದ ಮಾಡು ಕೂತಿದ್ದ ಗುರುತು. ಮುಂದೆ ಗೋಡೆಯನ್ನು ಏರಿಸಿ, ಬೆಳಕಿಗೆ ಮೇಲ್ಸಾಲು ಕಿಟಕಿಗಳನ್ನು ಇರಿಸಿ, ಸೀಸದ ತಗಡು ಹೊದೆಸಿದ ಇಳಿಜಾರು ಕಡಿಮೆಯ ಮಾಡು ಬಂದಾಗ ಆ ಗೆರೆ ಅನಾಥವಾಗಿ ಉಳಿಯಿತು. ನನ್ನ ದೃಷ್ಟಿಯಲ್ಲಿ ಇಡೀ ಕಟ್ಟಡದಲ್ಲಿ ಇಷ್ಟು ಪ್ರಾಮಾಣಿಕ ಸಾಕ್ಷಿ ಬೇರಿಲ್ಲ. ಪೂರ್ವದ ತುದಿಯಲ್ಲಿ ಮಧೂರು ದೇವಸ್ಥಾನದ ಗಜಪೃಷ್ಠದಂತೆ ದುಂಡಗಿನ ಗೋಡೆ ಸಿಕ್ಕಿದರೆ ಅದು ಗೋಥಿಕ್‌ಗಿಂತ ಹಿಂದಿನ ನಾರ್ಮನ್ ಕಾಲದ್ದು (ಹನ್ನೊಂದು–ಹನ್ನೆರಡನೆಯ ಶತಮಾನ) ಆಗಿರುವ ಸಂಭವ ಹೆಚ್ಚು. ಇಂಗ್ಲೆಂಡಿನ ಗೋಥಿಕ್ ಶಿಲ್ಪಿಗಳಿಗೆ ಚೌಕ ತುದಿಯೇ ಇಷ್ಟ.

ಬಳಿಕ ಕಿಟಕಿಗಳು. ಥಾಮಸ್ ರಿಕ್‌ಮನ್ ಎಂಬ ವಾಸ್ತುಶಿಲ್ಪಿ 1817ರಲ್ಲಿ ಪ್ರಕಟಿಸಿದ, ಇಂಗ್ಲೆಂಡಿನ ಕಟ್ಟಡಶೈಲಿಗಳ ವಿಂಗಡಣೆ ಇಂದಿಗೂ ದಾರಿದೀಪ. ಕಿರಿದಾಗಿ ಉದ್ದಕ್ಕಿರುವ, ಚೂಪು ತಲೆಯ ಬಿಡಿ ಕಿಟಕಿಗಳು ಬಹುತೇಕ ಹದಿಮೂರನೆಯ ಶತಮಾನದವು. ತಲೆಯಲ್ಲಿ ಒಳಬಾಗಿ ಹೊರಬಾಗುವ ಕಲ್ಲಿನ ಜಾಲವಿದ್ದರೆ ಹದಿನಾಲ್ಕನೆಯ ಶತಮಾನದ ಮೊದಲರ್ಧ. ಕಲ್ಲಿನ ಕಡ್ಡಿಗಳು ಎಲ್ಲೂ ಬಾಗದೆ ನೇರ ಮೇಲಕ್ಕೆ ಹೋಗಿ ಕಮಾನಿಗೆ ತಾಗಿದರೆ ಆಮೇಲಿನಿಂದ ಹದಿನಾರನೆಯ ಶತಮಾನದ ಆರಂಭದವರೆಗಿನ ಕೆಲಸ. ಈ ನಡುವೆ 1348–49ರ ಮಹಾಮಾರಿ ಕಲ್ಲುಕುಟಿಗರನ್ನೂ ದಾನಿಗಳನ್ನೂ ಕೊಂಡೊಯ್ದದ್ದರಿಂದ ಎಷ್ಟೋ ಕಡೆ ಕೆಲಸ ಅರ್ಧಕ್ಕೆ ನಿಂತಿತ್ತು. ಎಚ್ಚರಿಕೆಯೊಂದಿದೆ: ಕಿಟಕಿ ತನ್ನ ಕಾಲವನ್ನು ಮಾತ್ರ ಹೇಳುತ್ತದೆ, ಗೋಡೆಯದ್ದನ್ನಲ್ಲ. ಹಳೆಯ ಗೋಡೆಯನ್ನು ಒಡೆದು ಹೊಸ ಕಿಟಕಿ ಕೂರಿಸಿದಲ್ಲಿ ಅಂಚಿನ ಕಲ್ಲುಗಳ ಸಾಲು ತಪ್ಪಿರುತ್ತದೆ. ಅಂಚು ತೀರಾ ಹರಿತವಾಗಿ, ಉಳಿಯ ಗೆರೆಗಳು ಯಂತ್ರದಂತೆ ಸಮವಾಗಿದ್ದರೆ ವಿಕ್ಟೋರಿಯಾ ರಾಣಿಯ ಕಾಲದ ‘ಜೀರ್ಣೋದ್ಧಾರ’ವನ್ನು ಶಂಕಿಸಬೇಕು. ಹಳೆಯದನ್ನು ಕೆರೆದು ಹೊಸತಾಗಿಸುವ ಈ ಉತ್ಸಾಹವನ್ನು ತಡೆಯಲೆಂದೇ ಕವಿಯೂ ವಿನ್ಯಾಸಕಾರನೂ ಆದ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ. ನಮ್ಮ ಊರಿನ ಜೀರ್ಣೋದ್ಧಾರ ಸಮಿತಿಗಳೂ ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಒಳಗೆ ಹೋದಾಗ ಒಂದು ಟಾರ್ಚು, ಸಾಧ್ಯವಾದರೆ ದುರ್ಬೀನು ಕೈಯಲ್ಲಿರಲಿ. ಬಲಿಪೀಠದ ಬಲಬದಿಯ, ಅಂದರೆ ದಕ್ಷಿಣದ ಗೋಡೆಯಲ್ಲಿ ಪೂಜಾಪಾತ್ರೆ ತೊಳೆದ ನೀರು ಇಳಿದುಹೋಗಲು ಮಾಡಿದ ಪುಟ್ಟ ಗೂಡು ಇರುತ್ತದೆ. ಅಂಥದ್ದೇ ಗೂಡು ಪಕ್ಕದ ಸಾಲಿನಲ್ಲೂ ಕಂಡರೆ ಅಲ್ಲಿಯೂ ಹಿಂದೆ ಒಂದು ಬಲಿಪೀಠವಿತ್ತೆಂದು ತಿಳಿಯಬೇಕು. ಬಲಿಪೀಠದ ಭಾಗಕ್ಕೂ ಜನ ಸೇರುವ ಭಾಗಕ್ಕೂ ನಡುವಣ ದೊಡ್ಡ ಕಮಾನಿನ ಪಕ್ಕದಲ್ಲಿ, ಎಟುಕದ ಎತ್ತರದಲ್ಲಿ, ಎಲ್ಲಿಗೂ ಹೋಗದ ಒಂದು ಬಾಗಿಲು ಕಾಣಬಹುದು. ಅಲ್ಲಿ ಮರದ ಅಟ್ಟವೊಂದಿತ್ತು; ಅದರ ಮೇಲ್ಗಡೆ ಶಿಲುಬೆಗೇರಿದ ಯೇಸುವಿನ ದೊಡ್ಡ ಪ್ರತಿಮೆ ಇರುತ್ತಿತ್ತು. ಇಂಗ್ಲೆಂಡಿನ ರಾಜ ಎಂಟನೆಯ ಹೆನ್ರಿ 1534ರಲ್ಲಿ ರೋಮಿನ ಪೋಪರ ಸಂಬಂಧ ಕಡಿದುಕೊಂಡ. ಅವನ ಮಗ ಆರನೆಯ ಎಡ್ವರ್ಡನ ಆಳ್ವಿಕೆಯಲ್ಲಿ, 1547ರ ಬಳಿಕ, ಪ್ರತಿಮೆಗಳನ್ನು ಒಪ್ಪದ ಪ್ರೊಟೆಸ್ಟಂಟ್ ಸುಧಾರಕರು ಅವನ್ನು ಕಿತ್ತರು, ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿದರು. ಮುಚ್ಚಲೆಂದು ಬಳಿದ ಆ ಸುಣ್ಣವೇ ಎಷ್ಟೋ ಚಿತ್ರಗಳನ್ನು ಉಳಿಸಿತು. ದೀಕ್ಷಾಸ್ನಾನದ ಕಲ್ಲಿನ ತೊಟ್ಟಿಯನ್ನು ಮರೆಯದೆ ನೋಡಿ. ಹೊಸ ಕಟ್ಟಡ ಬಂದರೂ ಹಳೆಯ ತೊಟ್ಟಿಯನ್ನು ಬಿಡದೆ ಉಳಿಸಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ.

ಜನ ಸೇರುವ ಭಾಗ ಭವ್ಯವಾಗಿದ್ದು ಬಲಿಪೀಠದ ಭಾಗ ಬಡವಾಗಿದ್ದರೆ ಆಶ್ಚರ್ಯಪಡಬೇಕಿಲ್ಲ. ಮೊದಲನೆಯದರ ದುರಸ್ತಿ ಊರವರ ಹೊಣೆ, ಎರಡನೆಯದು ಅಲ್ಲಿನ ದಶಮಾಂಶ, ಅಂದರೆ ಬೆಳೆಯ ಹತ್ತನೆಯ ಒಂದು ಪಾಲನ್ನು, ಪಡೆಯುತ್ತಿದ್ದವನ ಹೊಣೆ. ಉಣ್ಣೆ ಬಟ್ಟೆಯ ವ್ಯಾಪಾರ ಹಣ ತಂದ ಊರುಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಸಫೋಕ್‌ನ ಲ್ಯಾವೆನ್‌ಹ್ಯಾಮಿನಲ್ಲಿ ಸ್ಪ್ರಿಂಗ್ ಮನೆತನದ ಬಟ್ಟೆ ವ್ಯಾಪಾರಿಗಳೂ ಆಕ್ಸ್‌ಫರ್ಡಿನ ಅರ್ಲ್‌ಗಳೂ ಹಣ ಸುರಿದು ಊರಿಗೆ ಮಿಗಿಲಾದ ಇಗರ್ಜಿ ಎಬ್ಬಿಸಿದರು.

ಇಷ್ಟಾದ ಮೇಲೆ ಕಾಗದದ ಮೇಲೆ ಕಟ್ಟಡದ ನಕ್ಷೆ ಬಿಡಿಸಿ, ಒಂದೊಂದು ಶತಮಾನಕ್ಕೆ ಒಂದೊಂದು ಬಣ್ಣ ಹಚ್ಚಿ, ಆಮೇಲೆ ಬಾಗಿಲ ಬಳಿಯ ಫಲಕದೊಂದಿಗೆ ಹೋಲಿಸಿರಿ. ಇನ್ನೂ ಕುತೂಹಲವಿದ್ದರೆ ದಾಖಲೆಗಳಿಗೆ ಹೋಗಬಹುದು. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞಾಪಿಸಿದ್ದ. ಆ ಹಳೆಯ ಸಂಪುಟಗಳು ಈಗ ಹೆಚ್ಚಾಗಿ ಕೌಂಟಿಯ ದಾಖಲಾಲಯಗಳಲ್ಲಿವೆ. ಕಟ್ಟಡದ ಮಟ್ಟಿಗೆ ಅವುಗಳಿಗಿಂತ ಉಪಯುಕ್ತವಾದದ್ದು ಇಗರ್ಜಿಯ ಪಾರುಪತ್ಯಗಾರರ ಲೆಕ್ಕಪುಸ್ತಕ: ಸುಣ್ಣಕ್ಕೆ ಎಷ್ಟು, ಸೀಸಕ್ಕೆ ಎಷ್ಟು, ಅಟ್ಟ ಕೆಡವಿದವನ ಕೂಲಿ ಎಷ್ಟು ಎಂಬುದು ಸಿಗುವುದು ಅದರಲ್ಲೇ.