ವಾಷಿಂಗ್ ಮಷೀನಿನಲ್ಲಿ ಐಇ ಬಂದಾಗ ಮೊದಲು ಜಾಳಿಗೆ ನೋಡಿ

ಹೋದ ಬೇಸಿಗೆಯಲ್ಲಿ ನಮ್ಮ ಕಲಬುರಗಿ ಮನೆಯ ವಾಷಿಂಗ್ ಮಷೀನ್ 'ಐಇ' ಅಂತ ತೋರಿಸಿ ನಿಂತುಬಿಟ್ಟಿತು. ಗಾಬರಿಯಾಗಿ ಮೆಕ್ಯಾನಿಕ್‌ನನ್ನು ಕರೆದೆ. ಅವನು ಮಷೀನಿನ ಹಿಂದೆ ನೀರು ಒಳಗೆ ಬರುವ ಪೈಪ್ ಬಿಚ್ಚಿ, ಅಲ್ಲಿದ್ದ ಪುಟ್ಟ ಜಾಳಿಗೆಯನ್ನು ಪಕ್ಕಡದಿಂದ ಎಳೆದು ತೋರಿಸಿದ. ಬಿಳಿ ಸುಣ್ಣ ಕಟ್ಟಿತ್ತು, ಅದರ ಮೇಲೆ ಮರಳು.

'ನೋಡ್ರಿ ಅಕ್ಕ, ಹಿಂಗಾದ್ರ ನೀರು ಹ್ಯಾಂಗ ಬರ್ತಾವ?' ಅಂದ.

ಐದು ನಿಮಿಷದ ಕೆಲಸಕ್ಕೆ 400 ರೂಪಾಯಿ. ತಪ್ಪು ಅವನದಲ್ಲ ಬಿಡಿ.

ಐಇ ಅಂದರೆ ಮಷೀನ್ ಕೆಟ್ಟಿದೆ ಅಂತಲ್ಲ. ಇಷ್ಟು ಹೊತ್ತಿನೊಳಗೆ ಏರಬೇಕಾದ ನೀರು ಏರಲಿಲ್ಲ, ಅಷ್ಟೇ. ಕೆಲವು ಕಂಪನಿಗಳಲ್ಲಿ ಇದೇ 4ಸಿ ಅಥವಾ 4ಇ. ಎಲ್ಲಿ ನಿಂತೆ ಅಂತ ಮಷೀನ್ ಹೇಳುತ್ತದೆ. ಯಾಕೆ ಅಂತ ನಾವೇ ನೋಡಬೇಕು. ನಮ್ಮದು ಬೋರಿನ ಗಡಸು ನೀರು, ಹಾಗಾಗಿ ಜಾಳಿಗೆ ಮೇಲೇ ಮೊದಲ ಅನುಮಾನ.

ಈಗ ತಿಂಗಳಿಗೊಮ್ಮೆ ಪ್ಲಗ್ ತೆಗೆದು, ನಳ ಬಂದ್ ಮಾಡಿ, ಜಾಳಿಗೆಯನ್ನು ನಿಂಬೆರಸದಲ್ಲಿ ಅರ್ಧ ತಾಸು ನೆನೆಸುತ್ತೇನೆ. ಆಮೇಲೆ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದರೆ ಸುಣ್ಣ ಬಿಡುತ್ತದೆ. ಬಿಚ್ಚಿದ ಪೈಪನ್ನು ಬಕೆಟ್‌ಗೆ ಹಿಡಿದು ನಳ ಬಿಟ್ಟೂ ನೋಡುತ್ತೇನೆ. ಧಾರೆ ಸಣ್ಣಗಿದ್ದರೆ ತೊಂದರೆ ಟ್ಯಾಂಕಿನ ಕಡೆಯದು. ವಾಪಸ್ ಹಾಕುವಾಗ ರಬ್ಬರ್ ವಾಷರ್ ಮರೆಯಬೇಡಿ. ನಾನು ಮರೆತು, ಬಚ್ಚಲೆಲ್ಲ ನೀರು ಮಾಡಿಕೊಂಡಿದ್ದೆ.

ನಮ್ಮ ಮಷೀನಿನ ಬೇರೆ ಕೋಡ್‌ಗಳಲ್ಲಿ 'ಯುಇ' ಅಂದರೆ ತೂಕ ಒಂದೇ ಕಡೆ ಬಿದ್ದಿದೆ ಅಂತ. ದಪ್ಪ ಚಾದರ ಒಂದನ್ನೇ ಹಾಕಿದಾಗ ಅದು ಮುದ್ದೆಯಾಗಿ ಹೀಗಾಗುತ್ತದೆ. ನಮ್ಮಲ್ಲಿ ಇನ್ನೊಂದು ಕಾರಣವೂ ಇತ್ತು: ಶಹಾಬಾದ್ ಕಲ್ಲಿನ ನೆಲ ಸಮ ಇರಲಿಲ್ಲ, ಮಷೀನಿನ ಒಂದು ಕಾಲು ಅಲ್ಲಾಡುತ್ತಿತ್ತು. ಕಾಲು ತಿರುಗಿಸಿ ಎತ್ತರ ಸರಿ ಮಾಡಿದೆ, ಕುಣಿತ ನಿಂತಿತು. 'ಓಇ' ಬಂದರೆ ನೀರು ಹೊರಗೆ ಹೋಗುತ್ತಿಲ್ಲ ಅಂತ. ಪೈಪ್ ಮಡಚಿದೆಯಾ ನೋಡಿ. ಫ್ರಂಟ್ ಲೋಡ್ ಆದರೆ ಕೆಳಗಿನ ಸಣ್ಣ ಮುಚ್ಚಳದ ಫಿಲ್ಟರ್‌ನಲ್ಲಿ ಗುಂಡಿ, ಚಿಲ್ಲರೆ ಸಿಗುತ್ತದೆ.

ಆದರೆ ಸುಟ್ಟ ವಾಸನೆ ಬಂದರೆ, ಕೈಗೆ ಶಾಕ್ ಹೊಡೆದರೆ, ಪದೇ ಪದೇ ಕರೆಂಟ್ ಟ್ರಿಪ್ ಆದರೆ ನಾನು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ತುಂಬಿದ ಮೇಲೂ ನೀರು ಬರುತ್ತಲೇ ಇದ್ದರೆ ಅದು 'ಎಫ್ಇ'. ನಳ ಬಂದ್ ಮಾಡಿ ಫೋನ್ ಮಾಡುವುದೇ ಸರಿ.

ಹೋದ ತಿಂಗಳು 'ಎಲ್ಇ' ಬಂತು, ಮೋಟಾರ್ ತಿರುಗುತ್ತಿಲ್ಲ ಅಂತ. ಬಟ್ಟೆ ಕಡಿಮೆ ಮಾಡಿದೆ, ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದೆ. ಮತ್ತೆ ಅದೇ. ಮೆಕ್ಯಾನಿಕ್‌ಗೆ ಕೋಡ್ ಹೇಳಿದೆ, ಬಟ್ಟೆ ಹಿಂಡುವ ಹೊತ್ತಿಗೇ ನಿಲ್ಲುತ್ತದೆ ಅಂತಲೂ ಹೇಳಿದೆ.

'ಹಂಗಾದ್ರ ಮೋಟಾರಿನ ಸೆನ್ಸರ್ ಇರಬೇಕ್ರಿ ಅಕ್ಕ. ತಗೊಂಡೇ ಬರ್ತೀನಿ' ಅಂದ.